ಹ್ಯಾಂಡೋವರ್

ರಾತ್ರಿ ಪಾಳಿಯ ದಿನ ಪ್ರಭುದಾಸ್ ಏಳಕ್ಕೆ ಹತ್ತು ನಿಮಿಷ ಮುಂಚೆ
ಲ್ಯಾಬಿನ ಒಳಗೆ ಹೋಗಬೇಕು.
ನಾನು ಏಳಕ್ಕೆ ವಾರ್ಡಿನಿಂದ ಹೊರಗೆ ಬರಬೇಕು.
ನಡುವಿನ ಹೊತ್ತು ಮಗಳು ಗೇಟಿನ ಶಮ್ಸುಲ್‌ನ ಕೋಣೆಯಲ್ಲಿ.
ಕಾಗದದ ಮೇಲೆ ಅದು ಹತ್ತೇ ನಿಮಿಷ.

ಸ್ತುತಿಗೆ ಈಗ ಬಂಗಾಳಿಯಲ್ಲಿ ನೂರರವರೆಗೆ ಎಣಿಸಲು ಬರುತ್ತದೆ.

ಅವಳ ಚೀಲದಲ್ಲಿ ಅಪ್ಪನ ಚೀಟಿ ಇರುತ್ತದೆ:
ಜ್ವರವಿಲ್ಲ. ಮೊಸರನ್ನ ಅರ್ಧ. ಕಾಪಿ ಬರೆಯುವುದು ಬಾಕಿ.
ಮುನಿಸು ಇದೆ, ಕಾರಣ ಹೇಳುತ್ತಿಲ್ಲ, ಗಮನಿಸುವುದು.
ಕೆಳಗೆ ರೂಢಿಯಿಂದ ಸಹಿ, ಸಮಯ.
ಗಂಡ ಹೆಂಡತಿ ನಾವು ಮಾತಾಡಿಕೊಳ್ಳುವುದು ಹೀಗೆ,
ಮಗುವಿನ ಬೆನ್ನ ಮೇಲೆ.

ನಮ್ಮ ವಾರ್ಡಿನಲ್ಲಿ ಏಳು ಅನ್ನುವುದು ಗಡಿಯಾರದ ಮಾತು,
ಯಾರೂ ಮೈಗೆ ಹಚ್ಚಿಕೊಳ್ಳುವುದಿಲ್ಲ.
ರಾತ್ರಿಯವರು ಬಂದು ಬಿ.ಪಿ. ನೋಡುತ್ತಿರುತ್ತಾರೆ,
ನಾವು ಮಾತ್ರ ಏನೋ ಕಳಕೊಂಡವರ ಹಾಗೆ
ಡ್ರಾಯರ್ ಎಳೆದು, ಮುಚ್ಚಿ,
ಬರೆದಾದ ಚಾರ್ಟನ್ನೇ ಇನ್ನೊಮ್ಮೆ ತಿದ್ದಿ
ನಿಂತಿರುತ್ತೇವೆ. ಮೊದಲು ಚೀಲ ಎತ್ತಿದವರು ಸೋತರು.
"ಏನಮ್ಮಾ, ಇವತ್ತು ಹಾಫ್ ಡೇಯಾ?"
ಎಲ್ಸಮ್ಮ ಸಿಸ್ಟರ್ ನಗುತ್ತಲೇ ಕೇಳುತ್ತಾರೆ.
ಕೆಟ್ಟವರಲ್ಲ. ಹತ್ತೊಂಬತ್ತು ವರ್ಷದ ಹಿಂದೆ
ನಾಲ್ಕು ತಿಂಗಳ ಕೂಸನ್ನು ಕೊಟ್ಟಾಯಂನಲ್ಲಿ ಬಿಟ್ಟು ಬಂದು
ಮರುದಿನವೇ ಡ್ಯೂಟಿಗೆ ನಿಂತವರು.
ಎದೆ ಒದ್ದೆಯಾದಾಗ ಮೇಲೊಂದು ಏಪ್ರನ್ ಕಟ್ಟಿಕೊಂಡರಂತೆ.
ಹಾಗೆ ಉಳಿದವರಿಗೆ, ಹೋಗುವವರನ್ನು ಕಂಡರೆ
ಎಲ್ಲೋ ಒಂದು ಕಡೆ ನೋಯುತ್ತದೆ.

ದಾದಿಯರ ದಿನದ ಕೇಕಿನ ಮೇಲೆ ಪ್ರತಿ ವರ್ಷ
ನಾವೆಲ್ಲ ಒಂದೇ ಮನೆಯವರು ಎಂದು ಬರೆಸುತ್ತಾರೆ.
ಸರಿ. ಮನೆಯಲ್ಲೇ ಇದ್ದವರು ಮನೆಗೆ ಯಾಕೆ ಹೋಗಬೇಕು?

ನಹ್ಲಾ ಬಂದದ್ದು ಏಪ್ರಿಲಿನಲ್ಲಿ. ಸುಡಾನಿನವಳು, ಹೊಸ ಇನ್‌ಚಾರ್ಜ್.
ಭಾಷಣ ಮಾಡಲಿಲ್ಲ, ಸುತ್ತೋಲೆ ಹೊರಡಿಸಲಿಲ್ಲ.
ಎರಡು ತಿಂಗಳು ನಮ್ಮನ್ನು ಸುಮ್ಮನೆ ನೋಡಿದಳು.
ಒಂದು ಭಾನುವಾರ, ಏಳಕ್ಕೆ ಸರಿಯಾಗಿ,
ತನ್ನ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತು
"ಯಲ್ಲಾ" ಅಂದಳು. ಹೋದಳು.
ಹೋಗಿಯೇ ಬಿಟ್ಟಳು.
ಎಲ್ಸಮ್ಮ ಗಡಿಯಾರವನ್ನು ನೋಡಿದರು,
ಕೋಮಾದಿಂದ ಕಣ್ಣು ತೆರೆದ ರೋಗಿಯನ್ನು ನೋಡುವ ಹಾಗೆ.

ನಾನು ಓಡಲಿಲ್ಲ. ಕದ್ದವಳ ಹಾಗೆ ಮೆಲ್ಲಗೆ,
ಕ್ಯಾಮೆರಾದ ಕೆಳಗೆ ತಲೆ ತಗ್ಗಿಸಿ ನಡೆದೆ.
ಏಳು ಗಂಟೆ ನಾಲ್ಕು ನಿಮಿಷ.
ಶಮ್ಸುಲ್‌ನ ಕೋಣೆಯಲ್ಲಿ ಸ್ತುತಿ ಇನ್ನೂ ಶೂ ಬಿಚ್ಚಿರಲಿಲ್ಲ,
ಎಣಿಕೆ ಶುರುವಾಗಿರಲಿಲ್ಲ.
ನನ್ನನ್ನು ನೋಡಿದ್ದೇ ಗಾಬರಿಯಿಂದ ಎದ್ದು ನಿಂತಳು.
"ಯಾರಿಗೆ ಹುಷಾರಿಲ್ಲಮ್ಮ?"

ಯಾರಿಗೂ ಏನೂ ಆಗಿಲ್ಲ ಅಂದೆ.
ನಂಬಲಿಲ್ಲ. ಬಗ್ಗು ಅಂದಳು.
ನಾನು ಮುಟ್ಟುವ ಹಾಗೆಯೇ, ಕೈಯ ಹಿಂಬದಿಯಿಂದ
ನನ್ನ ಹಣೆ ಮುಟ್ಟಿ ನೋಡಿದಳು.
"ಸುಡ್ತಾ ಇದೆ."

ಜೂನ್ ತಿಂಗಳು ಮಗಳೇ, ಫಹಾಹೀಲಿನಲ್ಲಿ ಏನು ಸುಡುವುದಿಲ್ಲ?
ಕಡಲ ಗಾಳಿ, ಕಾರಿನ ಹಿಡಿ,
ಆಚೆ ರಿಫೈನರಿಯ ಚಿಮಣಿಯ ತುದಿ.

ಕಾರಿನಲ್ಲಿ ಕೂತು ಅವಳು ಅಪ್ಪನ ಚೀಟಿ ತಿರುವಿ ಹಾಕಿ
ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದಳು:
ಅಮ್ಮ ಬೇಗ ಬಂದಳು. ಬಿಸಿ ಇದ್ದಾಳೆ.
ಪೆನ್ಸಿಲ್ ಕಚ್ಚಿ ಸ್ವಲ್ಪ ಯೋಚಿಸಿ
ಸಮಯ ಹಾಕಿದಳು.