ಮೂರನೇ ಟೇಕು

ಹಾಸನದ ಸ್ಟ್ಯಾಂಡು, ಬೇಲೂರು ಗಾಡಿ,
ಟ್ರಿಪ್‌ಶೀಟು ಬರೆಯುವ ಹೊತ್ತಿಗೆ ಬಂದಳು ಆ ಹುಡುಗಿ.
ಅವತ್ತು ಕ್ಯಾಮೆರಾ ಹಿಡಿದಿದ್ದವರ ಮಗಳಂತೆ.
'ಬಯಲು ಅಂದ್ರೆ ನೀವೇನಾ?'
ಎದೆಮೇಲಿನ ಬಿಲ್ಲೆ ತೋರಿಸಿದೆ: ಬೈಲಮ್ಮ.
ರೇಷನ್ ಕಾರ್ಡಿನ ಗುಮಾಸ್ತ ತಿದ್ದಿದ ಹೆಸರು.
ಅಪ್ಪ ಮೂರು ದಿನ ಊಟ ಬಿಟ್ಟಿದ್ದ.
ಸಕ್ಕರೆಯೇನೋ ಸಿಕ್ಕಿತು.

ಫೋನಿನಲ್ಲಿ ಓಡಿಸಿದಳು.
ಎಪ್ಪತ್ತೆಂಟನೇ ಇಸವಿ, ಹಗರೆ ದಾಟಿದ ಮೇಲಿನ ಶೆಡ್ಡು,
ಬೀಗವಿಲ್ಲದ ಬಾಗಿಲು, ಜಾತಿಯಿಲ್ಲದ ಬಾವಿ,
ಒಂದೇ ಬೀಡಿಕಟ್ಟಿನ ಗಡ್ಡದ ಮಾಮಂದಿರು.
ಗುಂಡುಕಲ್ಲಿನ ಮೇಲೆ ನಾನು, ಆರು ವರ್ಷ,
ಅಪ್ಪನ ಜುಬ್ಬದೊಳಗೆ ಮುಳುಗಿದ್ದೇನೆ.

'ದೊಡ್ಡೋಳಾದ್ಮೇಲೆ ಏನಾಗ್ತೀಯ ಪುಟ್ಟಿ?'
'ಏನೂ ಆಗಲ್ಲ. ಇದೀನಲ್ಲ, ಸಾಕು.'

ಆ ಮಾತಿಗೆ ಚಪ್ಪಾಳೆ ಬಿತ್ತಂತೆ ದಿಲ್ಲಿಯಲ್ಲಿ,
ಇನ್ನೆಲ್ಲೋ ಹಿಮ ಸುರಿಯುವ ಊರಿನಲ್ಲಿ.
ಅದು ಮೂರನೇ ಟೇಕು.
ಎರಡನೇ ಸಲ ಅತ್ತಿದ್ದೆ.
ಮೊದಲನೇ ಸಲ ಹೇಳಿದ್ದು, 'ಕಂಡಕ್ಟರ್'.

'ಖಾಕಿ ಹಾಕಿದ ದಿನ ಏನನ್ನಿಸ್ತು? ಸೋತ ಹಾಗೆ?'
ಇಸ್ತ್ರಿ ಸಾಲದು ಅನ್ನಿಸಿತ್ತು. ಅಷ್ಟೇ ಹೇಳಿದೆ.
ಅವಳ ಮುಖ ಸ್ವಲ್ಪ ಇಳಿಯಿತು.

ತಡಿ. ಹಿಂದಕ್ಕೆ ಹೋಗು. ಇನ್ನೂ ಸ್ವಲ್ಪ.
ಅಲ್ಲಿ, ಎಡಗಡೆ ಅಂಚಿನಲ್ಲಿ,
ಹೊಗೆಯೊಳಗೆ ಒಂದು ಮೊಣಕೈ
ಬರುತ್ತದೆ, ಹೋಗುತ್ತದೆ, ಬರುತ್ತದೆ.
ಅವ್ವ.
ಹನ್ನೊಂದು ಜನಕ್ಕೆ ಹಿಟ್ಟು ತೊಳಸುತ್ತಿದ್ದಾಳೆ.
ಎಲ್ಲವನ್ನೂ ಬಿಟ್ಟು ಬಂದವರು
ಊಟದ ಹೊತ್ತನ್ನು ಮಾತ್ರ ಬಿಡುತ್ತಿರಲಿಲ್ಲ.
ಅವಳದು ಒಂದು ಫೋಟೊ ಇಲ್ಲ ನನ್ನ ಹತ್ತಿರ,
ಫೋಟೊ ಅಂದರೆ ವ್ಯಕ್ತಿಪೂಜೆ ಅನ್ನುತ್ತಿದ್ದ ಅಪ್ಪ,
ಸಿನಿಮಾಕ್ಕೆ ಮಾತ್ರ ತಲೆ ಬಾಚಿ ನಿಂತಿದ್ದ.

'ಇದಿಷ್ಟನ್ನು ಕತ್ತರಿಸಿ ಕಳಿಸ್ತೀಯಾ?'
'ನಾಲ್ಕು ಸೆಕೆಂಡು ಆಂಟಿ. ಕೈ ಅಷ್ಟೇ ಇರೋದು.'
ಕೈ ಅಷ್ಟೇ ಸಾಕು.

ಜವರಶೆಟ್ಟಿ ಹಾರ್ನ್ ಒತ್ತಿದ. ಹತ್ತು ನಿಮಿಷ ಲೇಟು.
'ಬಸ್ಸಿನಲ್ಲಿ ಶೂಟ್ ಮಾಡಬಹುದಾ?'
ಹತ್ತು. ಆಧಾರ್ ತೋರಿಸು, ನಿನಗೆ ಶೂನ್ಯ ಟಿಕೆಟ್ಟು.
(ಶೂನ್ಯ ಅಂದರೆ ಅಪ್ಪ ಎರಡು ಗಂಟೆ ಮಾತಾಡುತ್ತಿದ್ದ,
ಸೀಗೆಗುಡ್ಡದ ಕಡೆ ನೋಡುತ್ತ.)
ಆ ಹುಡುಗನಿಗೆ ಫುಲ್ಲು.
ಆ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಲಗೇಜು.
ಎಲ್ಲಿಗೆ, ಅಂದೆ.
ಅವಳು ನನ್ನನ್ನೇ ನೋಡಿದಳು.

ಹಗರೆ ದಾಟಿ ಒಂದು ಮೈಲಿ, ಅಲ್ಲಿ ಸ್ಟಾಪಿಲ್ಲ.
ಈಗ ಜೋಳದ ಹೊಲ, ಟವರು.
ಕ್ಯಾಮೆರಾ ನನ್ನ ಮುಖದ ಮೇಲೇ ಇತ್ತು.
ನಾನು ಹಿಂದಿನ ಸೀಟಿನವರ ಹತ್ತಿರ
ಚಿಲ್ಲರೆ ಕೇಳುತ್ತಿದ್ದೆ.