ಸಂಚಕಾರ

ಸೋಲಾಪುರದಾಗ ನಮ್ಮ ಓಣಿಗೆ
ಕಾರ್ಪೊರೇಶನ್ನು ಕೊಟ್ಟ ಹೆಸರು ಯಾರಿಗೂ ನೆಪ್ಪಿಲ್ಲ.
ಬ್ಯಾಂಡ್ ಗಲ್ಲಿ ಅಂದ್ರ ರಿಕ್ಷಾದವ ತಂದು ಬಿಡತಾನ.
ಹನ್ನೊಂದು ಅಂಗಡಿ ಇದ್ದವು, ಈಗ ಮೂರು,
ಅದರಾಗೂ ಒಂದರಾಗ ಮೊಬೈಲ್ ಕವರು ಮಾರತಾರ,
ಫಲಕದ ಮ್ಯಾಲೆ ಮಾತ್ರ ತುತ್ತೂರಿ ಉಳದದ.

ನಮ್ಮಪ್ಪ ಸಾಯಬಣ್ಣ ವಾಜಂತ್ರಿ
ಹದಿನಾರನೇ ವಯಸ್ಸಿಗೆ ರೇಲ್ವೆ ಇನ್‌ಸ್ಟಿಟ್ಯೂಟಿನ ಹಿಂದಿನ ಕಿಡಕಿಗೆ
ಕಿವಿ ಹಚ್ಚಿ ನಿಂತವ.
ಒಳಗ ಗಾರ್ಡುಗಳು, ಡ್ರೈವರುಗಳು, ಅವರ ಹೆಂಡಂದಿರು ಕುಣಿಯೋರು.
ಗೋವಾದ ಕಾಯ್ತಾನ್ ಮಾಸ್ತರ ಕಣ್ಣು ಮುಚ್ಚಿ
ಸ್ಯಾಕ್ಸೊಫೋನಿನಾಗ ಒಂದು ಸ್ವರ ಹಿಡದು
ಬಾಗಸೋನು, ಹಸಿ ಬಿದಿರು ಬಾಗಸಿದಂಗ,
ಮುರೀಲಿಕ್ಕೆ ಒಂದು ಕೂದಲು ಬಾಕಿ ಇರುವಾಗ ಬಿಡೋನು.
ಮೂರನೇ ಶನಿವಾರ ಕಿಡಕಿ ತೆಗೆದು ಕೇಳಿದನಂತ:
ಮಿಲ್ಲಿನ ಭೋಂಗಾ ಯಾವ ಸ್ವರದಾಗ ಕೂಗತದ?
ಅಪ್ಪ ಕೂಗಿ ತೋರಿಸಿದ.
ಅಷ್ಟ ಪರೀಕ್ಷಾ.

ಮಾಸ್ತರ ಗೀಟು ಎಳದು ಬರದ ಕಾಗದ ಅಪ್ಪಗ ತಿಳೀಲಿಲ್ಲ.
ಪಾವತಿ ಪುಸ್ತಕದ ಬೆನ್ನಿಗೆ
ಕನ್ನಡದಾಗ ಸಾ ರೀ ಬರಕೊಂಡ,
ಬಾಗೋ ಸ್ವರಕ್ಕ ಒಂದು ಕೊಂಬು ಹಾಕಿದ.
ಅದಕ್ಕ ಜಾಜ್ ಅಂತಾರ ಅಂತ ಗೊತ್ತಾಗಿದ್ದು ಹೋದ ತಿಂಗಳು,
ಪುಣೆದಿಂದ ಬಂದ ಹುಡುಗಿ ಹೇಳಿದಾಗ.
"ಹೌದೇನು? ನಾವು ಕಾಯ್ತಾನಿ ಚಾಲು ಅಂತಿದ್ದಿವಿ."

ನಿನ್ನೆ ಐತವಾರ ಗಲ್ಲಿ ಬಾಯಾಗ ಮಂಟಪ.
ಪರಂಪರೆಯ ಸಂಜೆ ಅಂತ ಮರಾಠಿಯೊಳಗ ಬ್ಯಾನರು,
ನಗರಸೇವಕನ ಮುಖ ಅದರಾಗ ಹದಿನಾಲ್ಕಾಣೆ,
ಸ್ಯಾಕ್ಸೊಫೋನು ಎರಡಾಣೆ.
ಮೊದಲನೇ ಸಾಲಿನಾಗ ಅಪ್ಪನ ಖುರ್ಚಿ,
ಖುರ್ಚಿ ಮ್ಯಾಲೆ ಶಾಲು, ತೆಂಗಿನಕಾಯಿ. ಅಪ್ಪ ಇಲ್ಲ.
ಅಕ್ಕಲಕೋಟ ರೋಡಿನ ಮದವಿಗೆ ಸಂಚಕಾರ ಇಸಕೊಂಡಿದ್ದ, ಐದನೂರು.
"ಸನ್ಮಾನ ನಾಳಿಗೂ ಆಗತದ, ಮುಹೂರ್ತ ನಾಳಿಗೆ ನಿಲ್ಲೂದಿಲ್ಲ" ಅಂದು
ಕೆಂಪು ಕೋಟಿಗೆ ನನ್ನ ಕಡಿಂದ ಗುಂಡಿ ಹಚ್ಚಿಸಿಕೊಂಡು ಹೋದ.
ಎಪ್ಪತ್ತೆಂಟು ಈಗ. ಕೋಟು ಅವನಿಗಿಂತ ದಪ್ಪ.

ಪುಣೆ ಹುಡುಗರು ಚೊಲೊ ಬಾರಿಸಿದರು, ಸುಳ್ಳು ಯಾಕ ಹೇಳಲಿ,
ಆದರ ಸ್ವರ ಎಲ್ಲಾ ಇಸ್ತ್ರಿ ಆಗಿದ್ದವು.
ಎಂಟೂವರಿಗೆ ಮೆರವಣಿಗಿ ಬಂತು.
ಮಂಟಪ ರಸ್ತಾ ಕಟ್ಟಿತ್ತು. ಕುದರಿ ನಿಂತಿತು, ಮದಮಗ ನಿಂತ,
ಲೈಟಿನ ಗಿಡ ತಲಿ ಮ್ಯಾಲೆ ಹೊತ್ತ ಹೆಣ್ಣಮಕ್ಕಳು ನಿಂತರು.
ಪೋಲೀಸ ಕೈ ಮಾಡಿದ: ತಡೀರಿ, ಸಾಹೇಬರ ಭಾಷಣ ಅದ.

ತಡದ ಅಪ್ಪ. ಸುಮ್ಮ ತಡೀಲಿಕ್ಕೆ ಬರೂದಿಲ್ಲ ಅವಗ.
ಡೋಲಿನ ಮೌಲಾಲಿಗೆ ಹುಬ್ಬು ಹಾರಿಸಿ
ಮದವಿಯೊಳಗ ಎಂದೂ ಊದದ ಕಾಯ್ತಾನಿ ಚಾಲು ಎತ್ತಿದ.
ಮೌಲಾಲಿ ಏಟು ತಪ್ಪಿಸಿ ತಪ್ಪಿಸಿ ಹಾಕಿದ,
ಕುಂಟ ಮನಷಾ ಮೆಟ್ಟಲಾ ಇಳದಂಗ.
ಆಮ್ಯಾಲೆ ಭೋಂಗಾದ ಸ್ವರ ಬಂತು, ಉದ್ದಕ, ತುದಿಗೆ ಬಾಗಿ.
ಮಿಲ್ಲಿನಾಗ ಈಗ ಪಾರಿವಾಳ ಅವ, ಆಲದ ಸಸಿ ಅದ.
ಆದರೂ ನೂಲಿನ ಖಾತೆಯಾಗ ದುಡದ ಚಂದವ್ವತ್ತಿ
ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು,
ಪಾಳಿಗೆ ಹೊತ್ತಾತು ಅನ್ನೋಹಂಗ.

ಎಲ್ಲಾರೂ ಕೇಳಿದರು ಅಂದ್ರ ಸುಳ್ಳಾಗತದ,
ಅರ್ಧ ಮಂದಿ ಫೋನಿನಾಗಿದ್ದರು.
ಪುಣೆ ಹುಡುಗಿ ವೇದಿಕೆ ಇಳದು ಓಡಿಬಂದು
ಮೈಕು ಹಿಡಿಯೂದರಾಗ
ಮದಮಗನ ಸೋದರಮಾವ ಬೈದ:
ಏನಿದು ಅಳೋ ಹಾಡು, ಕುಣಿಯೂದು ಬಾರಸರಿ!
ಅಪ್ಪ ಕುಣಿಯೂದು ಬಾರಿಸಿದ.

ಮನಿಗೆ ಬಂದಾಗ ಹನ್ನೆರಡೂವರಿ.
ಶಾಲು ಕೊಟ್ಟೆ. ಅಂಚು ತಿರಿವಿ ನೋಡಿದ,
"ನಮ್ಮೂರ ಮಗ್ಗದ್ದ, ಬಣ್ಣ ಬಿಡತದ" ಅಂದ,
ಅದರಾಗ ಸ್ಯಾಕ್ಸೊಫೋನು ಸುತ್ತಿಟ್ಟ.
ಬಾಕಿ ಏಳನೂರು ಬರಬೇಕಿತ್ತು, ಬಂದಿದ್ದು ನಾಕನೂರು.
ನಡುವ ಬಾರಿಸಿದ್ದಕ್ಕ ಮುರಕೊಂಡರಂತ.