ಬಳಪ

ಮೂರು ರಾಯರ ಹಬ್ಬದ ಹಿಂದಿನ ಸಂಜೆ
ಪೋರ್ಟ್ ಪಿರಿಯಲ್ಲಿ ನಲವತ್ತೊಂದು ಡಿಗ್ರಿ.
ಚರ್ಚಿನ ಸಭಾಂಗಣದ ಫ್ಯಾನು ತಿರುಗುತ್ತದೆ,
ಗಾಳಿ ಮಾತ್ರ ಅದರ ಮಾತು ಕೇಳುವುದಿಲ್ಲ.
ಮೇಜಿನ ಮೇಲೆ ಬಿಷಪ್ಪರ ಕಾಗದ,
ಹಾರದಿರಲೆಂದು ಅದರ ಮೇಲೆ ಬಿಸ್ಕತ್ತಿನ ಡಬ್ಬ:
ಹೊಸ ವರ್ಷದ ನಿಮ್ಮ ಪ್ರೇಷಿತಕಾರ್ಯ ಯಾವುದು?
ಎಲ್ಲರೂ ಕೂಡಿ ಯೋಚಿಸಿ, ಉತ್ತರಿಸಿ.
ಕೂಡಿದ ಎಲ್ಲರೂ ಎಂದರೆ
ಒಂಬತ್ತು ಜನ.

ಮೊದಲು ಸೂರಿನ ದೋಣಿ ರಿಪೇರಿಯಾಗಲಿ, ಎಂದ ಡೆಸ್ ಕ್ವಿನ್ಲನ್.
ಬರೆದುಕೊಂಡೆ. ನಾನು ಕಾರ್ಯದರ್ಶಿ,
ಕೆಮ್ಮೊಂದನ್ನು ಬಿಟ್ಟು ಎಲ್ಲ ಬರೆದುಕೊಳ್ಳುತ್ತೇನೆ.
ಮನೆಮನೆಗೆ ಹೋಗೋಣ, ಎಂದರು ನುನ್ಸಿಯಮ್ಮ,
ನಮ್ಮಪ್ಪ ದೋಣಿ ದಡಕ್ಕೆಳೆದು ಬಂದು ಬರೆಯುತ್ತಿದ್ದ ಹಾಗೆ
ಬಾಗಿಲ ನೆತ್ತಿಗೆ ಬರೆಯೋಣ:
ಇಸವಿಯ ಅರ್ಧ ಈಚೆ, ಅರ್ಧ ಆಚೆ,
ನಡುವೆ ಮೂರು ರಾಯರ ಮೊದಲಕ್ಷರ,
ಸಂದಿಸಂದಿಗೆ ಶಿಲುಬೆ.

ಸೀಮೆಸುಣ್ಣ ಯಾರ ಹತ್ತಿರ ಇದೆ?
ಕೇಳಿದರು ಫಾದರ್ ಥಿಯೆನ್.
ನನಗೆ ನಗು. ಯಾರಿಗೆ ಬಿಡಿಸಿ ಹೇಳಲಿ,
ಸೀಮೆಗೇ ಬಂದು ಕೂತು ಸೀಮೆಸುಣ್ಣಕ್ಕೆ ಬರ!
ಶಾಲೆಯಲ್ಲೂ ಈಗ ಬಿಳಿ ಹಲಗೆ.

ಎಫ್ರೆನ್ ಜೇಬಿಗೆ ಕೈಹಾಕಿದ. ವೆಲ್ಡರ್.
ಚಪ್ಪಟೆ, ಬೂದು, ತುಸು ಜಾರುವ ಕಲ್ಲಿನ ಚೂರು.
ಕಬ್ಬಿಣ ಕೆಂಪಗಾದರೂ ಇದರ ಗೆರೆ ಸುಡುವುದಿಲ್ಲ, ಎಂದ.
ಬಳಪ! ಬಾಯಿಂದ ಕನ್ನಡವೇ ಬಿತ್ತು.
ಬಲಪ, ಎಂದರು ಫಾದರ್ ಥಿಯೆನ್.
ಕಿವಿ ಮಂದವಾದ ಡೆಸ್, ಆಮೆನ್ ಎಂದ.

ಮರುದಿನ ಪೂಜೆ ಮುಗಿಸಿ ಹೊರಟೆವು,
ಒಂದು ಏಣಿ, ಒಂದು ಬಾಟಲಿ ಮಂತ್ರಿಸಿದ ನೀರು.
ಒಂದು ಮನೆಯಲ್ಲಿ ನಾಯಿ ಮಾತ್ರ.
ಒಬ್ಬ, ಚರ್ಚು ಬಿಟ್ಟು ಇಪ್ಪತ್ತು ವರ್ಷವಾದವನು,
ಒಳಗೆ ಕರೆಯಲಿಲ್ಲ; ಏಣಿ ಹಿಡಿದುಕೊಂಡ.

ಹದಿನಾಲ್ಕನೆಯದು ಅಚೋಲಳ ಮನೆ.
ಹಿತ್ತಿಲ ಬೇಲಿಯಾಚೆ ಸೀಸದ ಕಾರ್ಖಾನೆಯ ಚಿಮಣಿ.
ಧೂಳು ಕರೆಯದೆ ಬರುವ ನೆಂಟ,
ಬಂದರೆ ಕಿಟಕಿಯಂಚಿನಲ್ಲೇ ಬೀಡು.
ಮಗನ ಬೆರಳು ಚುಚ್ಚಿ ತೆಗೆದ ಒಂದು ಹನಿ,
ಒಂದು ಅಂಕಿ. ಫ್ರಿಜ್ಜಿಗೆ ಅಂಟಿಸಿದ್ದಾಳೆ.
ದಿನಕ್ಕೆರಡು ಸಲ ಒದ್ದೆ ಬಟ್ಟೆ:
ಹೊಸ್ತಿಲು, ಬಾಗಿಲ ಪಟ್ಟಿ, ಪ್ಲಾಸ್ಟಿಕ್ಕಿನ ಜಿರಾಫೆ.
ಬರೆಯಿರಿ, ಎಂದಳು,
ಆದರೆ ಒರೆಸುತ್ತೇನೆ. ಮೊದಲೇ ಹೇಳಿಬಿಡುತ್ತೇನೆ.

ಏಣಿಯ ಮೇಲೆ ಎಫ್ರೆನ್ನನ ಕೈ ನಿಂತಿತು.
ವರ್ಷವಿಡೀ ಇರಬೇಕಾದ್ದು! ನುನ್ಸಿಯಮ್ಮ ಎದೆ ಮುಟ್ಟಿಕೊಂಡರು.
ಫಾದರ್ ಪುಸ್ತಕ ಮಗುಚಿದರು,
ಒರೆಸುವುದಕ್ಕೆ ಪ್ರಾರ್ಥನೆ ಇರಲಿಲ್ಲ.
ಒರೆಸು, ಎಂದೆ ನಾನು,
ಬಳಪ ಇರುವುದೇ ಹಾಗೆ.
ಸ್ಲೇಟು ಒರೆಸದೆ ನಾಳೆಯ ಪಾಠ ಎಲ್ಲಿ?
ಬರೆಯಲು ಮತ್ತೆ ಬರುತ್ತೇನೆ.
ಏನು ಹೇಳಿದೆನೆಂಬುದು
ಕಾರಿನ ಬಾಗಿಲು ಹಾಕಿದ ಮೇಲೆ ನನಗೂ ತಿಳಿಯಿತು.

ಈಗ ಮೇ ತಿಂಗಳು.
ಬುಧವಾರ ನನ್ನದು, ಶನಿವಾರ ನುನ್ಸಿಯಮ್ಮನದು.
ಅವರಿಗೆ ಮಂಡಿ ಬಗ್ಗದು, ಕಿಟಕಿಗಳು ಅವರವು;
ನೆಲ ನನಗೆ, ಏಣಿ ಅಚೋಲಳಿಗೆ.
ಬಟ್ಟೆ ಹಿಂಡಿದರೆ ನೀರು ಬೂದು.
ಒರೆಸಿ ಆರಿದ ಮೇಲೆ ಬರೆಯುತ್ತೇವೆ,
ರಾಯರು ಮತ್ತೆ ಬರುತ್ತಾರೆ,
ಪ್ರತಿ ಸಲವೂ ಬೇರೆ ಕೈಬರಹದಲ್ಲಿ.
ಅಂಕಿ ಎರಡು ಇಳಿದಿತ್ತು. ಬಡಗಣ ಗಾಳಿಯ ವಾರ
ಒಂದು ಏರಿತು.
ಹುಡುಗ ತನ್ನ ಎತ್ತರಕ್ಕೆ ಗೋಡೆಯ ಮೇಲೆ
ನಾಲ್ಕನೆಯದೊಂದು ಅಕ್ಷರ ಗೀಚಿದ್ದಾನೆ.
ಅದನ್ನು ಯಾರೂ ಒರೆಸುತ್ತಿಲ್ಲ,
ಅಚೋಲಳೂ.

ಬಿಷಪ್ಪರ ಕಾಗದ ನನ್ನ ಚೀಲದಲ್ಲೇ ಇದೆ.
ಉತ್ತರದ ಜಾಗದಲ್ಲಿ
ಬಕೆಟ್ಟು ಇಟ್ಟ ಗುರುತು, ದುಂಡಗೆ.
ಸೂರಿನ ದೋಣಿ ಇನ್ನೂ ಸೋರುತ್ತಿದೆ.
ಡೆಸ್ ನೆನಪಿಸುತ್ತಾನೆ, ನಾನು
ಬರೆದುಕೊಳ್ಳುತ್ತೇನೆ.